ಡಸ್ಟ್ ಕಲೆಕ್ಟರ್‌ಗೆ ರಿಮೋಟ್ ಸ್ವಿಚ್: ಒಂದು ಮರಗೆಲಸದ ಶೆಡ್ಡಿನ ಪ್ರಕರಣ

ಮೈಸೂರು ಕಡೆಯ ಒಂದು ಸಣ್ಣ ಊರಿನ ಮರಗೆಲಸದ ಶೆಡ್ಡಿನಲ್ಲಿ ನಡೆದ ವಿಷಯ ಇದು. ಮಾಲೀಕರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಸಿಗುವಂಥ ವಿವರ ಯಾವುದೂ ಹಾಕಿಲ್ಲ. ಶೆಡ್ಡಿನಲ್ಲಿ ಮೂವರು ಕೆಲಸ ಮಾಡುತ್ತಾರೆ. ಮಾಲೀಕರು, ವಯಸ್ಸಾದ ಒಬ್ಬ ಆಚಾರ್ರು, ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ. ನಾನು ಮೋಟಾರ್ ಸ್ಟಾರ್ಟರ್, ಪ್ಯಾನೆಲ್ ವೈರಿಂಗ್ ಮಾಡುವವನು. ಈ ಕೆಲಸದಲ್ಲಿ ಒಂದು ತಪ್ಪು ಮಾಲೀಕರಿಂದ ಆಯಿತು, ಅದಕ್ಕಿಂತ ದೊಡ್ಡದು ನನ್ನಿಂದ ಆಯಿತು. ಎರಡನ್ನೂ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಬೇರೆ ಶೆಡ್ಡುಗಳಲ್ಲೂ ಇದೇ ತಪ್ಪು ನಡೆಯುತ್ತಿರುವುದನ್ನು ನೋಡಿದ್ದೇನೆ.

ಹದಿನಾಲ್ಕು ಹೆಜ್ಜೆ

ಶೆಡ್ಡು 20 ಅಡಿ ಅಗಲ, 45 ಅಡಿ ಉದ್ದ. ಬಾಗಿಲ ಹತ್ತಿರ ಮೇನ್ ಬೋರ್ಡ್. ನಡುವೆ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಅದರ ಪಕ್ಕ ರಂದದ ಮಿಷನ್, ಗೋಡೆ ಬದಿಗೆ ಬ್ಯಾಂಡ್ ಸಾ (ಪಟ್ಟಿ ಗರಗಸ). ಹಿಂದಿನ ಮೂಲೆಯಲ್ಲಿ 2 ಎಚ್‌ಪಿ ಸಿಂಗಲ್ ಫೇಸ್ ಡಸ್ಟ್ ಕಲೆಕ್ಟರ್, ಅಂದರೆ ಮರದ ಪುಡಿಯನ್ನು ಫ್ಯಾನಿನಿಂದ ಎಳೆದು ಚೀಲಕ್ಕೆ ತುಂಬುವ ಮಿಷನ್. ಅಲ್ಲಿಂದ 4 ಇಂಚಿನ ಪೈಪು ಮೂರೂ ಮಿಷನ್‌ಗೆ ಹೋಗಿದೆ. ಒಂದೊಂದು ಮಿಷನ್ ಹತ್ತಿರವೂ ಕೈಯಲ್ಲಿ ಎಳೆದು ಮುಚ್ಚುವ ಗೇಟು ಇದೆ. ಒಳ್ಳೆಯ ವ್ಯವಸ್ಥೆಯೇ. ತೊಂದರೆ ಇದ್ದದ್ದು ಸ್ವಿಚ್ಚಿನಲ್ಲಿ. ಅದು ಮೋಟಾರಿನ ಮೈಮೇಲೇ ಇತ್ತು, ಅದರ ಮುಂದೆ ಪ್ಲೈವುಡ್ ಹಾಳೆಗಳನ್ನು ಒರಗಿಸಿ ಇಡುತ್ತಿದ್ದರು. ಟೇಬಲ್ ಸಾ ಹತ್ತಿರದಿಂದ ಅಲ್ಲಿಗೆ ಹದಿನಾಲ್ಕು ಹೆಜ್ಜೆ. ನಾನೇ ನಡೆದು ಎಣಿಸಿದೆ.

ಮೊದಲ ದಿನ ಏನೂ ಬಿಚ್ಚದೆ ಎರಡು ಗಂಟೆ ಸುಮ್ನೆ ಕೂತು ನೋಡಿದೆ. ರಂದದ ಮಿಷನ್‌ಗೆ ಸಾಗುವಾನಿ ಹಲಗೆ ಕೊಡುವಾಗ ಕಲೆಕ್ಟರ್ ಹಾಕಿದರು. ಅದು ಬಿಟ್ಟರೆ ಇಲ್ಲ. ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ) ಹಾಳೆಯಲ್ಲಿ ಒಂದು ಪಟ್ಟಿ ಸೀಳುವುದು, ತುದಿ ಕತ್ತರಿಸುವುದು, ಎರಡು ಮಿಲಿಮೀಟರ್ ಸವರುವುದು, ಎಲ್ಲ ಹಾಗೇ ನಡೆಯಿತು. ಯಾಕೆ ಅಂತ ಕೇಳಿದೆ. ಆಚಾರ್ರು, "ಎರಡು ಸೆಕೆಂಡಿನ ಕಟಿಂಗಿಗೆ ಅಲ್ಲಿವರೆಗೂ ಹೋಗಿ ಬರೋಕೆ ಆಗುತ್ತಾ ಸ್ವಾಮಿ?" ಅಂದರು. ಅವರ ಮಾತು ನಿಜ. ಆದರೆ ಆ ಎರಡು ಸೆಕೆಂಡಿನ ಕಟಿಂಗ್ ದಿನಕ್ಕೆ ನೂರು ಸಲ ಆಗುತ್ತದೆ. ಅದರಲ್ಲೂ ಎಂಡಿಎಫ್ ಪುಡಿ ಬಹಳ ನಯ, ಗರಗಸ ನಿಂತ ಮೇಲೂ ತುಂಬ ಹೊತ್ತು ಗಾಳಿಯಲ್ಲೇ ತೇಲುತ್ತಿರುತ್ತದೆ. ಅದರಲ್ಲಿ ಫಾರ್ಮಾಲ್ಡಿಹೈಡ್ ಅಂಟು ಬೇರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳಿಗ್ಗೆಯ ಟೀ ಲೋಟದ ಮೇಲೆ ಹುಡುಗ ಒಂದು ತಟ್ಟೆ ಮುಚ್ಚಿಟ್ಟಿದ್ದ. ಅರ್ಧ ಗಂಟೆಯಲ್ಲಿ ಆ ತಟ್ಟೆಯ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಪುಡಿ ಕೂತಿತ್ತು.

ಕಲೆಕ್ಟರ್ ಇತ್ತು, ಪೈಪು ಇತ್ತು, ದುಡ್ಡೂ ಹಾಕಿಯಾಗಿತ್ತು. ಸ್ವಿಚ್ಚು ದೂರ ಇದ್ದದ್ದಕ್ಕೆ ಅಷ್ಟೂ ದಂಡ ಆಗುತ್ತಿತ್ತು. ರಿಮೋಟ್ ಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಯಾವ ರಿಮೋಟ್ ಅನ್ನುವಲ್ಲಿ ಎಡವಿದೆವು.

ಸ್ಮಾರ್ಟ್ ಪ್ಲಗ್ಗಿನ ಇಪ್ಪತ್ತು ದಿನ

ನಾನು ಹೋಗುವ ಮೊದಲೇ ಮಾಲೀಕರು ಆನ್‌ಲೈನಲ್ಲಿ ಒಂದು ವೈಫೈ ಸ್ಮಾರ್ಟ್ ಪ್ಲಗ್ ತರಿಸಿದ್ದರು. ಮೇಲೆ 16 ಆಂಪ್ಸ್ ಅಂತ ಬರೆದಿತ್ತು. ಮೋಟಾರಿನ ನೇಮ್‌ಪ್ಲೇಟಲ್ಲಿ 10 ಆಂಪ್ಸ್. ಹತ್ತಕ್ಕಿಂತ ಹದಿನಾರು ಜಾಸ್ತಿ, ಸಾಕಾಗುತ್ತೆ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಇಪ್ಪತ್ತು ದಿನ ಚೆನ್ನಾಗಿ ನಡೆಯಿತು. ಒಂದು ಸಂಜೆ ಫೋನಲ್ಲಿ ಆಫ್ ಒತ್ತಿದರು. ಆ್ಯಪು ಆಫ್ ಅಂತ ತೋರಿಸಿತು, ಮೋಟಾರು ಮಾತ್ರ ನಿಲ್ಲಲೇ ಇಲ್ಲ. ಕೊನೆಗೆ ಬಾಗಿಲ ಹತ್ತಿರ ಓಡಿಹೋಗಿ ಮೇನ್ ಇಳಿಸಿದರು. ಮಾರನೇ ದಿನ ನನಗೆ ಫೋನ್ ಬಂತು.

ಆ ಪ್ಲಗ್ಗನ್ನು ಬಿಚ್ಚಿ ನೋಡಿದೆ. ಒಳಗಿನ ರಿಲೇ, ಅಂದರೆ ಕರೆಂಟಿನಿಂದ ತಾನೇ ಆನ್ ಆಫ್ ಆಗುವ ಸಣ್ಣ ಸ್ವಿಚ್ಚು, ಅರ್ಧ ಬೆಂಕಿಪೊಟ್ಟಣದಷ್ಟಿತ್ತು. ಅದರ ಪ್ಲಾಸ್ಟಿಕ್ ಟೊಪ್ಪಿ ತೆಗೆದರೆ ಕೊತ್ತಂಬರಿ ಬೀಜದಷ್ಟು ದಪ್ಪದ ಎರಡು ಕಾಂಟ್ಯಾಕ್ಟ್, ಒಂದಕ್ಕೊಂದು ತಾಗಿ ಕರೆಂಟ್ ಬಿಡುವ ಲೋಹದ ಬಿಂದುಗಳು. ಎರಡೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತ ಕಪ್ಪು ಮಸಿ. ಸ್ಕ್ರೂಡ್ರೈವರ್ ತುದಿಯಿಂದ ಮೀಟಿದಾಗ ಟಕ್ ಅಂತ ಬಿಟ್ಟುಕೊಂಡವು. ಆ ಜೋಡಿಯನ್ನು ಮಾಲೀಕರ ಅಂಗೈ ಮೇಲೆ ಇಟ್ಟು ತೋರಿಸಿದೆ.

ಆಮೇಲೆ ಕ್ಲ್ಯಾಂಪ್ ಮೀಟರ್ ಹಾಕಿ ಅಳೆದೆ. ಓಡುವಾಗ 9.6 ಆಂಪ್ಸ್. ಸ್ಟಾರ್ಟ್ ಆಗುವ ಕ್ಷಣದಲ್ಲಿ 58. ಮೋಟಾರುಗಳ ಸ್ವಭಾವವೇ ಹಾಗೆ. ನಿಂತಿರುವ ಮೋಟಾರನ್ನು ಎಬ್ಬಿಸುವಾಗ ಓಡುವ ಕರೆಂಟಿನ ಆರೇಳು ಪಟ್ಟು ಎಳೆಯುತ್ತದೆ. ಡಸ್ಟ್ ಕಲೆಕ್ಟರಲ್ಲಿ ಭಾರದ ಫ್ಯಾನು ಬೇರೆ ತಿರುಗಬೇಕು, ಹಾಗಾಗಿ ಈ ಎಳೆತ ಇನ್ನಷ್ಟು ಹೊತ್ತು ಇರುತ್ತದೆ. ಅದರ ಮೇಲೆ, ಕಾಂಟ್ಯಾಕ್ಟ್ ಮುಚ್ಚುವಾಗ ಒಂದೇ ಸಲಕ್ಕೆ ಕೂರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣಗೆ ಎರಡು ಮೂರು ಸಲ ಪುಟಿಯುತ್ತದೆ. ಪ್ರತಿ ಪುಟಿತಕ್ಕೂ ಒಂದು ಕಿಡಿ, ಪ್ರತಿ ಕಿಡಿಗೂ ಒಂದಿಷ್ಟು ಲೋಹ ಕರಗುತ್ತದೆ. ಒಂದು ದಿನ ಕರಗಿದ್ದು ಹಾಗೇ ಬೆಸೆದುಕೊಳ್ಳುತ್ತದೆ.

ಪ್ಲಗ್ಗಿನ ಮೇಲಿದ್ದ 16 ಸುಳ್ಳಲ್ಲ. ಅದು ಗೀಸರ್, ಇಸ್ತ್ರಿಪೆಟ್ಟಿಗೆಯಂಥ ಬಿಸಿ ಮಾಡುವ ಲೋಡಿನ ಲೆಕ್ಕ. ಕಾಂಟ್ಯಾಕ್ಟರುಗಳ (ದೊಡ್ಡ ಲೋಡಿಗೆ ಬಳಸುವ ದಪ್ಪ ರಿಲೇಗಳ) ಮೇಲೆ ಈ ಎರಡು ಲೆಕ್ಕವನ್ನು ಬೇರೆ ಬೇರೆ ಬರೆದಿರುತ್ತಾರೆ. ಹೀಟರ್ ಲೋಡಿಗೆ ಎಸಿ-1, ಮೋಟಾರಿಗೆ ಎಸಿ-3. ಎಸಿ-1ರಲ್ಲಿ 25 ಆಂಪ್ಸ್ ಇರುವ ಕಾಂಟ್ಯಾಕ್ಟರ್ ಎಸಿ-3ರಲ್ಲಿ 9 ಇಲ್ಲವೇ 12 ಆಂಪ್ಸ್ ಅಷ್ಟೇ ಇರುವುದು ಮಾಮೂಲಿ. ಪ್ಲಗ್ ಮೇಲೆ ಒಂದೇ ಸಂಖ್ಯೆ ಇದ್ದರೆ ಅದು ಮೋಟಾರಿನದ್ದಲ್ಲ ಅಂತಲೇ ತಿಳಿಯಬೇಕು.

ವೈಫೈಯಿಂದ ಇನ್ನೊಂದು ಕಷ್ಟ ಇತ್ತು. ಕೈಗೆಲ್ಲ ಅಂಟು, ಧೂಳು. ಫೋನ್ ತೆಗೆದು, ಲಾಕ್ ಬಿಡಿಸಿ, ಆ್ಯಪ್ ತೆರೆಯುವುದಕ್ಕಿಂತ ಹದಿನಾಲ್ಕು ಹೆಜ್ಜೆ ನಡೆಯುವುದೇ ಬೇಗ. ಆಚಾರ್ರು ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ.

ನನ್ನ ತಪ್ಪು

ಟಿವಿ ರಿಮೋಟಿನಂಥ ಇನ್‌ಫ್ರಾರೆಡ್ ಬೇಡ ಅಂತ ಆಗಲೇ ಬಿಟ್ಟೆ. ಅದಕ್ಕೆ ನೇರ ನೋಟ ಬೇಕು, ಒಂದು ವಾರದಲ್ಲಿ ಅದರ ಕಣ್ಣಿಗೆ ಪುಡಿ ಮೆತ್ತಿಕೊಳ್ಳುತ್ತದೆ. ಗೇಟು, ಶಟರಿಗೆ ಬಳಸುವ 433 ಮೆಗಾಹರ್ಟ್ಸ್ ರೇಡಿಯೋ ರಿಮೋಟ್ ಆರಿಸಿದೆ. ಗೋಡೆ, ಹಲಗೆ ಅಡ್ಡ ಇದ್ದರೂ ಕೆಲಸ ಮಾಡುತ್ತದೆ, ಒಂದು ಗುಂಡಿ ಒತ್ತಿದರೆ ಆಯಿತು.

ಇಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆಮೇಲೆ ನಾನು 30 ಆಂಪ್ಸಿನ ರಿಲೇ ಇರುವ ರಿಸೀವರ್ ಬೋರ್ಡ್ (ರಿಮೋಟಿನ ಸಿಗ್ನಲ್ ಹಿಡಿಯುವ ಬೋರ್ಡ್) ತಂದು ಮೋಟಾರಿನ ಫೇಸನ್ನು ನೇರ ಅದರ ಮೂಲಕವೇ ಬಿಟ್ಟೆ. ರಿಲೇ ದಪ್ಪದ್ದು, ಮೋಟಾರ್ ಲೆಕ್ಕವೂ ಅದರ ಮೇಲೆ ಇತ್ತು, ಸುಟ್ಟು ಹೋಗುವುದಿಲ್ಲ ಅನ್ನುವ ಧೈರ್ಯ. ಒಂದು ಸಲ ಒತ್ತಿದರೆ ಆನ್, ಇನ್ನೊಂದು ಸಲ ಒತ್ತಿದರೆ ಆಫ್ ಆಗುವಂತೆ ಇಟ್ಟೆ. ಕಾಂಟ್ಯಾಕ್ಟಿನ ಬಗ್ಗೆ ಅಷ್ಟೆಲ್ಲ ಯೋಚಿಸಿದವನು ಕರೆಂಟ್ ಹೋಗಿ ಬಂದರೆ ಏನಾಗುತ್ತೆ ಅಂತ ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಕಲೆಕ್ಟರ್ ಓಡುತ್ತಿರುವಾಗಲೇ ಕರೆಂಟ್ ಹೋಯಿತು. ಹೇಗೂ ಕೆಲಸ ನಿಂತಿದೆ, ಹೊಟ್ಟು ಖಾಲಿ ಮಾಡೋಣ ಅಂತ ಹುಡುಗ ಕೆಳಗಿನ ಚೀಲದ ಬೆಲ್ಟ್ ಸಡಿಲಿಸಿದ. ಚೀಲ ಅರ್ಧ ಕಳಚಿತ್ತು. ಅಷ್ಟರಲ್ಲಿ ಕರೆಂಟ್ ಬಂತು. ಆ ರಿಸೀವರ್ ತಾನು ಮೊದಲು ಆನ್ ಇದ್ದದ್ದನ್ನು ನೆನಪಿಟ್ಟುಕೊಳ್ಳುವ ಜಾತಿಯದು. ಮೋಟಾರ್ ಗುಂಯ್ ಅಂತ ಎದ್ದಿತು. ಚೀಲದಲ್ಲಿದ್ದ ಹೊಟ್ಟೆಲ್ಲ ಅವನ ಮುಖಕ್ಕೆ ಹಾರಿತು. ಹಿಂದಕ್ಕೆ ಬಿದ್ದ. ಕಣ್ಣು ಕೆಂಪಾಗಿ ಎರಡು ಗಂಟೆ ನೀರು ಸುರಿಯಿತು, ಬೇರೆ ಏಟು ಬೀಳಲಿಲ್ಲ.

ಸಂಜೆ ಹೋದಾಗ ಅವನು ಹೇಳಿದ ಮಾತು ಇನ್ನೂ ನೆನಪಿದೆ. "ಅಣ್ಣಾ, ಬೆಳಿಗ್ಗೆ ಸಿಪ್ಪೆ ಸಿಕ್ಕಾಕೊಂಡಿತ್ತು ಅಂತ ಪೈಪ್ ತೆಗೆದು ಫ್ಯಾನ್ ಹತ್ರ ಕೈ ಹಾಕಿದ್ದೆ." ಅದೇ ದಿನ, ಅದೇ ಕೈ. ಕರೆಂಟ್ ಬೆಳಿಗ್ಗೆ ಹೋಗಿ ಬಂದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಆ ಬೋರ್ಡನ್ನು ಅವತ್ತೇ ಕಿತ್ತು ಮನೆಗೆ ತಂದೆ.

ಬೋರ್‌ವೆಲ್ಲಿನಿಂದ ಸಿಕ್ಕ ದಾರಿ

ಮಾರನೇ ದಿನ ಮಾತಾಡುತ್ತಾ ಕೂತಿದ್ದಾಗ ದಾರಿ ತೋರಿಸಿದ್ದು ಆಚಾರ್ರು. "ನಮ್ಮ ತೋಟದ ಬೋರನ್ನ ಅಳಿಯ ಮೊಬೈಲಿಂದ ಸ್ಟಾರ್ಟ್ ಮಾಡ್ತಾನೆ. ಆದ್ರೂ ಸ್ಟಾರ್ಟರ್ ಡಬ್ಬ ಇದ್ದೇ ಇದೆಯಲ್ಲ. ಮೊಬೈಲು ಬರೀ ಬಟನ್ ಒತ್ತುತ್ತೆ, ಎಳೆಯೋದೆಲ್ಲ ಡಬ್ಬಾನೇ."

ರಿಮೋಟಿಗೂ ಅಷ್ಟೇ ಕೆಲಸ ಕೊಡಬೇಕಿತ್ತು. ಒಂದು ಬೆರಳಿನ ಕೆಲಸ. ತೋಟದಲ್ಲಿ ಕರೆಂಟ್ ಬಂದ ತಕ್ಷಣ ಮೋಟಾರ್ ತಾನಾಗೇ ಓಡಲಿ ಅಂತ ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಶೆಡ್ಡಿನಲ್ಲಿ ಬೇಕಾದದ್ದು ಅದಕ್ಕೆ ಪೂರಾ ಉಲ್ಟಾ. ಕರೆಂಟ್ ಹೋದರೆ ಆಫ್ ಆಗಬೇಕು, ಬಂದರೂ ಆಫ್ ಆಗಿಯೇ ಇರಬೇಕು, ಮನುಷ್ಯ ಒತ್ತಿದ ಮೇಲೇ ಓಡಬೇಕು. ಹಸಿರು, ಕೆಂಪು ಬಟನ್ ಇರುವ ಸಾದಾ ಡಿಒಎಲ್ (ಮೋಟಾರನ್ನು ನೇರ ಲೈನಿಗೆ ಕೊಡುವ) ಸ್ಟಾರ್ಟರ್ ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಲೇ ಇದೆ. ಹಸಿರು ಒತ್ತಿದಾಗ ಒಳಗಿನ ಕಾಂಟ್ಯಾಕ್ಟರಿನ ಕಾಯಿಲ್ (ಅಯಸ್ಕಾಂತದ ಸುರುಳಿ) ಎಳೆದು ಮೋಟಾರಿಗೆ ಕರೆಂಟ್ ಬಿಡುತ್ತದೆ, ಕಾಂಟ್ಯಾಕ್ಟರಿನ ಪಕ್ಕದ ಒಂದು ಸಣ್ಣ ಕಾಂಟ್ಯಾಕ್ಟ್ ಆ ಕಾಯಿಲನ್ನು ಹಿಡಿದಿಡುತ್ತದೆ. ಕರೆಂಟ್ ಹೋದರೆ ಹಿಡಿತ ಬಿಡುತ್ತದೆ. ಮತ್ತೆ ಹಸಿರು ಒತ್ತುವ ತನಕ ಏನೂ ಆಗುವುದಿಲ್ಲ.

ಎರಡು ಚಾನೆಲ್ ಇರುವ ರಿಸೀವರ್ ತಂದೆ. ಗುಂಡಿ ಒತ್ತಿದಷ್ಟು ಹೊತ್ತು ಮಾತ್ರ ರಿಲೇ ಎಳೆಯುವ ಮೋಡಿನಲ್ಲಿ ಇಟ್ಟೆ. ಇದು ಬಹಳ ಮುಖ್ಯ. ನೆನಪಿಟ್ಟುಕೊಳ್ಳುವ ಮೋಡಿನಲ್ಲಿ ಇಟ್ಟರೆ ಸ್ಟಾರ್ಟರ್ ಹಾಕಿಯೂ ಪ್ರಯೋಜನ ಇಲ್ಲ. ಮೊದಲ ಚಾನೆಲಿನ, ಸುಮ್ಮನಿದ್ದಾಗ ತೆರೆದಿರುವ ಎನ್‌ಒ ಕಾಂಟ್ಯಾಕ್ಟನ್ನು ಹಸಿರು ಬಟನ್ನಿಗೆ ಪ್ಯಾರಲಲ್ ಕೊಟ್ಟೆ. ಎರಡನೇ ಚಾನೆಲಿನ, ಸುಮ್ಮನಿದ್ದಾಗ ಮುಚ್ಚಿರುವ ಎನ್‌ಸಿ ಕಾಂಟ್ಯಾಕ್ಟನ್ನು ಕೆಂಪು ಬಟನ್ನಿಗೆ ಸೀರೀಸ್ ಕೊಟ್ಟೆ. ಈಗ ಆ ಪುಟ್ಟ ರಿಲೇಗಳ ಮೇಲೆ ಹರಿಯುವುದು ಕಾಯಿಲ್ ಕರೆಂಟ್ ಮಾತ್ರ, ಅರ್ಧ ಆಂಪ್ಸೂ ಇಲ್ಲ. 58 ಆಂಪ್ಸನ್ನು ತಾಳಿಕೊಳ್ಳುವುದು ಎಸಿ-3ರಲ್ಲಿ 18 ಆಂಪ್ಸ್ ಇರುವ ಕಾಂಟ್ಯಾಕ್ಟರ್. ಓವರ್‌ಲೋಡ್ ರಿಲೇಯನ್ನು (ಕರೆಂಟ್ ಹೆಚ್ಚಾದರೆ ಮೋಟಾರನ್ನು ನಿಲ್ಲಿಸುವುದು) ನೇಮ್‌ಪ್ಲೇಟಿನ 10ಕ್ಕೆ ಇಟ್ಟೆ. ಸಿಂಗಲ್ ಫೇಸ್ ಆದ್ದರಿಂದ ಅದರ ಮೂರು ಪೋಲಿನಲ್ಲೂ (ಮೂರು ಫೇಸಿನ ದಾರಿಗಳಲ್ಲೂ) ಕರೆಂಟ್ ಹರಿಯುವಂತೆ ಲೂಪ್ ಮಾಡಿದೆ. ಹಾಗೆ ಮಾಡದಿದ್ದರೆ ಒಂದು ಫೇಸ್ ಹೋಗಿದೆ ಅಂದುಕೊಂಡು ಓವರ್‌ಲೋಡ್ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ.

ಆನ್‌ಗೆ ಒಂದು ಗುಂಡಿ, ಆಫ್‌ಗೆ ಇನ್ನೊಂದು ಗುಂಡಿ. ಇದಕ್ಕೂ ಕಾರಣ ಇದೆ. ಟೇಬಲ್ ಸಾ ಕಿರುಚುತ್ತಿರುವಾಗ ಕಲೆಕ್ಟರ್ ಓಡುತ್ತಿದೆಯೋ ಇಲ್ಲವೋ ಕೇಳಿಸುವುದಿಲ್ಲ. ಒಂದೇ ಗುಂಡಿ ಇದ್ದಾಗ ಆನ್ ಮಾಡಲು ಹೋಗಿ ಆಫ್ ಮಾಡಿಬಿಡುತ್ತಿದ್ದರು. ಈಗ ಹಸಿರನ್ನು ನಾಲ್ಕು ಸಲ ಒತ್ತಿದರೂ ಅದು ಆನೇ. ಮೂರೂ ಮಿಷನ್ನಿಂದ ಕಾಣುವಂತೆ ಮೇಲೆ, ಓಡುತ್ತಿರುವಾಗ ಉರಿಯುವ ಒಂದು ಕೆಂಪು ಇಂಡಿಕೇಟರ್ ಲ್ಯಾಂಪ್ ಕೂಡ ಹಾಕಿದೆ.

ಕಲೆಕ್ಟರಿನ ಪಕ್ಕದಲ್ಲೇ ಬೀಗ ಹಾಕಬಹುದಾದ ಐಸೊಲೇಟರ್ (ಕರೆಂಟನ್ನು ಪೂರ್ತಿ ಕಡಿಯುವ ಸ್ವಿಚ್) ಕೂರಿಸಿದೆ. ಚೀಲ ಬಿಚ್ಚುವ ಮೊದಲು, ಪೈಪ್ ತೆಗೆಯುವ ಮೊದಲು ಅದನ್ನು ಇಳಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗೆ ಹಾಕಿಕೊಳ್ಳಬೇಕು. ರಿಮೋಟ್ ಆಫ್ ಮಾಡಿದ್ದೇನೆ ಅನ್ನುವುದು ಈ ಕೆಲಸಕ್ಕೆ ಸಾಲದು. ಇನ್ನೊಂದು ರಿಮೋಟ್ ಇನ್ನೊಬ್ಬರ ಕೈಯಲ್ಲಿ ಇರುತ್ತದೆ.

ಗರಗಸ ಶುರುವಾದ ತಕ್ಷಣ ಕಲೆಕ್ಟರ್ ತಾನಾಗೇ ಶುರುವಾಗುವ ಕರೆಂಟ್ ಸೆನ್ಸಿಂಗ್ ಸ್ವಿಚ್ ಹಾಕಬಹುದಲ್ಲ ಅಂತ ಮಾಲೀಕರು ಕೇಳಿದರು. ಒಳ್ಳೆಯ ಸಾಧನವೇ. ಒಬ್ಬರೇ ಒಂದೇ ಮಿಷನ್ನಲ್ಲಿ ಕೆಲಸ ಮಾಡುವ ಕಡೆ ನಾನೇ ಹಾಕಿಕೊಡುತ್ತೇನೆ. ಇಲ್ಲಿ ಎರಡು ಸೆಕೆಂಡಿನ ಕಟಿಂಗ್ ಜಾಸ್ತಿ. ಪ್ರತಿ ಕಟಿಂಗಿಗೂ 2 ಎಚ್‌ಪಿ ಮೋಟಾರ್ ಎದ್ದು ಕೂತು ಮಾಡಿದರೆ ಅದರ ಸ್ಟಾರ್ಟಿಂಗ್ ಕೆಪಾಸಿಟರ್, ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್, ವೈಂಡಿಂಗ್ ಮೂರೂ ಸೊರಗುತ್ತವೆ. ಅದಕ್ಕೆ ಬೇಡ ಅಂದೆ.

ಹಾಕಿದ ಮೇಲೆ ಎದ್ದ ತೊಂದರೆಗಳು

ಮೊದಲ ಸಂಜೆಯೇ ಸ್ಟಾರ್ಟರ್ ಕಟಕಟ ಅಂತ ಬಡಿದುಕೊಂಡಿತು. ಬೆಳಿಗ್ಗೆ ಹಾಗಿರಲಿಲ್ಲ. ಮೀಟರ್ ಹಾಕಿದರೆ ಮೇನ್ ಬೋರ್ಡಿನಲ್ಲಿ 192 ವೋಲ್ಟ್. ಮೋಟಾರ್ ಎದ್ದೇಳುವ ಕ್ಷಣದಲ್ಲಿ ಸ್ಟಾರ್ಟರ್ ಹತ್ತಿರ 166ಕ್ಕೆ ಬೀಳುತ್ತಿತ್ತು. 230 ವೋಲ್ಟಿನ ಕಾಯಿಲಿಗೆ ಅಷ್ಟು ಸಾಲದು. ಪೂರ್ತಿ ಕೂರುವ ಮೊದಲೇ ಬಿಟ್ಟುಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಗುಂಡಿ ಇನ್ನೂ ಒತ್ತಿಯೇ ಇರುವುದರಿಂದ ಮತ್ತೆ ಹಿಡಿಯುತ್ತದೆ. ಬಡಿತ ಆ ಕಾರಣಕ್ಕೆ. ಹೀಗೆ ಬಡಿದುಕೊಳ್ಳಲು ಬಿಟ್ಟರೆ ಎಂಥ ಕಾಂಟ್ಯಾಕ್ಟರೂ ಸುಡುತ್ತದೆ.

ಬೋರ್ಡಿನಿಂದ ಮೂಲೆಯವರೆಗೆ ಗೋಡೆ ಬದಿಯಲ್ಲಿ 20 ಮೀಟರ್ ದೂರ. ಅಲ್ಲಿಗೆ ಹೋಗಿದ್ದದ್ದು 1.5 ಎಂಎಂ ಹಳೇ ವೈರು, ಮಧ್ಯೆ ಎರಡು ಜಾಯಿಂಟು. ಹೋಗಿ ಬರುವ 40 ಮೀಟರಿಗೆ ಅದರ ರೆಸಿಸ್ಟೆನ್ಸ್ ಅರ್ಧ ಓಮಿಗೆ ಸ್ವಲ್ಪ ಕಡಿಮೆ. ಐವತ್ತರ ಹತ್ತಿರ ಆಂಪ್ಸ್ ಎಳೆದಾಗ ಆ ವೈರೇ 20 ವೋಲ್ಟಿಗಿಂತ ಜಾಸ್ತಿ ತಿನ್ನುತ್ತದೆ. ಮೋಟಾರಿನ ಎಳೆಯುವ ಶಕ್ತಿ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 166ರಲ್ಲಿ ಅದು 230ರಲ್ಲಿ ಇದ್ದದ್ದರ ಅರ್ಧದ ಆಸುಪಾಸು. ಫ್ಯಾನು ಏದುಸಿರು ಬಿಟ್ಟು ಎದ್ದೇಳುತ್ತಿದ್ದದ್ದು ಅದಕ್ಕೇ. ಮೊದಲ ಸ್ಮಾರ್ಟ್ ಪ್ಲಗ್ ಅಷ್ಟು ಬೇಗ ಸತ್ತದ್ದಕ್ಕೂ ಇದು ಸೇರಿಕೊಂಡಿತ್ತು ಅಂತ ನನ್ನ ಲೆಕ್ಕ. ಎದ್ದೇಳುವುದು ತಡವಾದಷ್ಟೂ ಕಾಂಟ್ಯಾಕ್ಟ್ ಬಿಸಿಯಾಗುತ್ತದೆ. ಜಾಯಿಂಟ್ ಇಲ್ಲದ 4 ಎಂಎಂ ತಾಮ್ರದ ವೈರು ಎಳೆದೆವು. ಅದೇ ಸಂಜೆಯ ವೋಲ್ಟೇಜಿನಲ್ಲಿ ಸ್ಟಾರ್ಟರ್ ಹತ್ತಿರ 183 ನಿಂತಿತು. ಬಡಿತ ಹೋಯಿತು.

ರಿಸೀವರನ್ನು ಮೊದಲು ಸ್ಟಾರ್ಟರಿನ ಕಬ್ಬಿಣದ ಡಬ್ಬದ ಒಳಗೇ ಇಟ್ಟಿದ್ದೆ. ಬಾಗಿಲು ಮುಚ್ಚಿದರೆ ಎರಡು ಹೆಜ್ಜೆ ದೂರದಿಂದಲೂ ರಿಮೋಟ್ ಕೆಲಸ ಮಾಡಲಿಲ್ಲ. ಕಬ್ಬಿಣ ರೇಡಿಯೋ ಅಲೆಯನ್ನು ತಡೆಯುತ್ತದೆ. ಪಕ್ಕದಲ್ಲಿ ರಬ್ಬರ್ ಬೀಡಿಂಗ್ ಇರುವ ಒಂದು ಪ್ಲಾಸ್ಟಿಕ್ ಡಬ್ಬ ಹೊಡೆದು ಅದಕ್ಕೆ ಸಾಗಿಸಿದೆ, ಶೆಡ್ಡಿನ ಹೊರಗಿನಿಂದಲೂ ಸಿಕ್ಕಿತು. ಮರದ ನಯ ಪುಡಿಗೆ ಕಿಡಿ ತಾಗಿದರೆ ಬೆಂಕಿ ಹಿಡಿಯುತ್ತದೆ. ಅದಕ್ಕೆ ಎರಡೂ ಡಬ್ಬದ ವೈರ್ ತೂತುಗಳಿಗೆ ಗ್ಲ್ಯಾಂಡ್ ಹಾಕಿ ಬಿಗಿ ಮಾಡಿದೆ.

ಮೂರನೆಯದು ಮನುಷ್ಯರದ್ದು. ರಿಮೋಟ್ ಕೈಗೆ ಬಂದ ಖುಷಿಯಲ್ಲಿ ಹುಡುಗ ಪ್ರತಿ ಕಟಿಂಗಿಗೂ ಆನ್, ಆಫ್ ಮಾಡತೊಡಗಿದ. ಯಾವುದು ಆಗಬಾರದು ಅಂತ ಸೆನ್ಸರ್ ಸ್ವಿಚ್ ಬಿಟ್ಟಿದ್ದೆನೋ ಅದೇ ಕೈಯಿಂದ ಆಗುತ್ತಿತ್ತು. ಮೋಟಾರ್ ಮೈ ಮುಟ್ಟಲಾಗದಷ್ಟು ಬಿಸಿ. ಅವನನ್ನು ಕೂರಿಸಿಕೊಂಡು, ಮತ್ತೆ ಅದೇ ಕಾಂಟ್ಯಾಕ್ಟ್ ಜೋಡಿ ತೋರಿಸಿ, ಐದು ನಿಮಿಷದೊಳಗೆ ಇನ್ನೊಂದು ಕಟಿಂಗ್ ಇದ್ದರೆ ಆಫ್ ಮಾಡಬೇಡ ಅಂದೆ. ಓಡುತ್ತಿರುವ ಮೋಟಾರಿಗೆ ಕಷ್ಟ ಇಲ್ಲ, ಎದ್ದೇಳುವುದೇ ಕಷ್ಟ. ಕೊನೆಯ ಕಟಿಂಗ್ ಆದ ಮೇಲೂ ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಲು ಹೇಳಿದೆ, ಪೈಪಲ್ಲಿ ಉಳಿದದ್ದೂ ಚೀಲಕ್ಕೆ ಹೋಗಲಿ ಅಂತ.

ಒಂದು ರಿಮೋಟ್ ಎರಡನೇ ದಿನವೇ ಹೊಟ್ಟಿನ ರಾಶಿಯಲ್ಲಿ ಹೂತುಹೋಯಿತು. ಆಮೇಲೆ ಮೂರು ರಿಮೋಟ್ ಮಾಡಿದೆವು. ಒಂದು ಟೇಬಲ್ ಸಾ ಕಾಲಿಗೆ, ಒಂದು ರಂದದ ಮಿಷನ್‌ಗೆ ದಾರದಲ್ಲಿ ಕಟ್ಟಿದೆ. ಆಚಾರ್ರದ್ದು ಕೆಂಪು ಬಟ್ಟೆ ಚೂರು ಕಟ್ಟಿಕೊಂಡು ಅವರ ಏಪ್ರನ್ನಿನಲ್ಲಿ ಇದೆ.

ಆರು ತಿಂಗಳ ಮೇಲೆ

ವೈರು, ಸ್ಟಾರ್ಟರ್, ರಿಸೀವರ್, ರಿಮೋಟುಗಳು, ಐಸೊಲೇಟರ್ ಎಲ್ಲ ಸೇರಿ ಸಾಮಾನಿಗೆ ₹8,000ದ ಆಸುಪಾಸು ಆಯಿತು. ಅದರಲ್ಲಿ ಜಾಸ್ತಿ ಹೋದದ್ದು ತಾಮ್ರಕ್ಕೆ. ರಿಮೋಟಿನ ಪಾಲು ಎಲ್ಲಕ್ಕಿಂತ ಕಡಿಮೆ. ಮೊದಲು ಹದಿನೈದು ದಿನಕ್ಕೆ ಒಂದು ಸಲ ತುಂಬುತ್ತಿದ್ದ ಚೀಲ ಈಗ ವಾರದೊಳಗೇ ತುಂಬುತ್ತದೆ. ಕೆಲಸ ಮೊದಲಿನಷ್ಟೇ ಇದೆ. ಅಂದರೆ ಆ ಹೆಚ್ಚಿನ ಹೊಟ್ಟೆಲ್ಲ ಮೊದಲು ನೆಲಕ್ಕೂ ಅವರ ಮೂಗಿಗೂ ಹೋಗುತ್ತಿತ್ತು.

ಮೊನ್ನೆ ಹೋಗಿ ಸ್ಟಾರ್ಟರ್ ಬಿಚ್ಚಿ ನೋಡಿದೆ. ಕಾಂಟ್ಯಾಕ್ಟ್ ಮೇಲೆ ಸಣ್ಣ ಮಚ್ಚೆ ಬಿಟ್ಟರೆ ಏನೂ ಇಲ್ಲ. ಟೇಬಲ್ ಸಾ ಹತ್ತಿರದ ರಿಮೋಟಿನ ಬ್ಯಾಟರಿ ಸೋತಿತ್ತು, ಬದಲಿಸಿದೆ. ನಾನಿರುವಾಗಲೇ ಕರೆಂಟ್ ಹೋಯಿತು. ಹುಡುಗ ಎದ್ದು ಹೋಗಿ ಐಸೊಲೇಟರ್ ಇಳಿಸಿದ, ಬೀಗ ಹಾಕಿದ, ಕೀಲಿಯನ್ನು ಜೇಬಿಗೆ ಹಾಕಿಕೊಂಡು ಚೀಲದ ಬೆಲ್ಟಿಗೆ ಕೈ ಇಟ್ಟ. ಯಾರೂ ಹೇಳಿರಲಿಲ್ಲ.

ಕೈ ಸ್ಯಾಂಡರಿಗೆ ಇನ್ನೂ ಪೈಪ್ ಇಲ್ಲ. ಎಲ್ಲಕ್ಕಿಂತ ನಯವಾದ ಪುಡಿ ಅದರಿಂದಲೇ ಬರುತ್ತದೆ. ಮುಂದಿನ ತಿಂಗಳು ಅದರ ಕೆಲಸ ಹಿಡಿಯುತ್ತೇವೆ.